ಕಣ್ಣಿನ ದೂರನ್ನು ಶೋಕಿ ಎನ್ನಬೇಡಿ

ಥೀಮ್ ಎಂದರೆ ಶೋಕಿ ಎಂಬ ಮಾತು ಕಂಪ್ಯೂಟರ್ ಬಲ್ಲವರ ನಡುವೆ ಯಾರೂ ಪ್ರಶ್ನಿಸದಷ್ಟು ಗಟ್ಟಿಯಾಗಿ ಕೂತಿದೆ. ಕೆಲಸವಿಲ್ಲದ ಹುಡುಗರು ಡೆಸ್ಕ್‌ಟಾಪಿನ ಬಣ್ಣ ಬದಲಿಸುತ್ತ ಕೂರುತ್ತಾರೆ, ಕೆಲಸವಿದ್ದವರು ಬಂದದ್ದನ್ನು ಬಂದ ಹಾಗೆ ಬಳಸುತ್ತಾರೆ ಎನ್ನುವುದು ಅದರ ತಿರುಳು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಹೊಸ ವಿನ್ಯಾಸ ಬಂದಾಗಲೆಲ್ಲ ಜನ ಗೊಣಗುತ್ತಾರೆ, ನಾಲ್ಕು ದಿನ ಬಿಟ್ಟರೆ ತಾವೇ ಒಗ್ಗಿಕೊಳ್ಳುತ್ತಾರೆ. ಈ ಎರಡು ಮಾತಿನಿಂದ ಒಂದು ತೀರ್ಮಾನ ಹುಟ್ಟಿದೆ. ಪರದೆ ಹೇಗೆ ಕಾಣಬೇಕು ಎನ್ನುವುದು ಅದನ್ನು ತಯಾರಿಸಿದವರಿಗೆ ಬಿಟ್ಟದ್ದು, ಅದರ ಮುಂದೆ ಕೂತವರ ಅಭಿಪ್ರಾಯ ಬರೀ ರುಚಿ, ರುಚಿಗೆಲ್ಲ ಉತ್ತರ ಕೊಡುತ್ತ ಕೂರಲಾಗದು ಎಂಬ ತೀರ್ಮಾನ. ಇದು ತಪ್ಪು, ಮತ್ತು ಇದರಿಂದ ನಿಜವಾದ ಹಾನಿಯಾಗಿದೆ. ಪರದೆಯ ರೂಪದ ಬಗ್ಗೆ ಬಳಕೆದಾರ ಆಡುವ ಮಾತು ಸಾಕ್ಷ್ಯ. ದಿನವಿಡೀ ಅದನ್ನೇ ನೋಡುತ್ತ ದುಡಿಯುವವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು ಅದರಲ್ಲಿರುತ್ತವೆ.

ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡೋಣ. 2015ರ ಜುಲೈನಲ್ಲಿ ವಿಂಡೋಸ್ 10 ಬಿಡುಗಡೆಯಾದಾಗ ಅದರ ಟೈಟಲ್ ಬಾರ್‌ಗಳು ಬೆಳ್ಳಗಿದ್ದವು. ಕೆಲಸ ನಡೆಯುತ್ತಿರುವ ವಿಂಡೋನೂ ಬಿಳಿ, ಹಿಂದೆ ಸರಿದ ವಿಂಡೋನೂ ಬಿಳಿ. ನೋಡಲು ಅಚ್ಚುಕಟ್ಟು. ಆದರೆ ಎರಡು ಎಕ್ಸೆಲ್ ಹಾಳೆ, ಒಂದು ಇಮೇಲ್, ಒಂದು ವರ್ಡ್ ಕಡತವನ್ನು ಒಟ್ಟಿಗೆ ತೆರೆದಿಟ್ಟುಕೊಂಡು ದುಡಿಯುವ ಗುಮಾಸ್ತರಿಗೆ, ಅಕೌಂಟೆಂಟ್‌ಗಳಿಗೆ, ಈಗ ಕೀಬೋರ್ಡ್ ಯಾವುದಕ್ಕೆ ಬರೆಯುತ್ತಿದೆ ಎಂದು ತಿಳಿಸುತ್ತಿದ್ದ ಗುರುತೇ ಅಳಿಸಿಹೋಗಿತ್ತು. ಒಂದು ಹಾಳೆಗೆ ಬೀಳಬೇಕಾದ ಅಂಕಿ ಇನ್ನೊಂದಕ್ಕೆ ಬೀಳುತ್ತದೆ, ಸಂಜೆ ಲೆಕ್ಕ ತಾಳೆಯಾಗುವುದಿಲ್ಲ. ಬಳಕೆದಾರರು ದೂರಿ ಸುಮ್ಮನಾಗಲಿಲ್ಲ. ಸಿಸ್ಟಮ್ಮಿನ ಥೀಮ್ ಫೋಲ್ಡರನ್ನು ನಕಲು ಮಾಡಿ, ಅದರೊಳಗೆ ‘ಏರೋ’ ಎಂದಿದ್ದ ಕಡತದ ಹೆಸರನ್ನು ಬದಲಿಸಿದರೆ ಬಣ್ಣ ಮರಳಿ ಬರುತ್ತದೆ ಎಂದು ಕಂಡುಹಿಡಿದರು. ಬಣ್ಣ ಹಾಕುವ ಶಕ್ತಿ ಒಳಗೆ ಇದ್ದೇ ಇತ್ತು, ಅದಕ್ಕೆ ಬೀಗ ಬಿದ್ದಿತ್ತು ಅಷ್ಟೆ. ಅದೇ ವರ್ಷದ ನವೆಂಬರ್ ಅಪ್ಡೇಟಿನಲ್ಲಿ ಮೈಕ್ರೋಸಾಫ್ಟ್ ಬಣ್ಣದ ಟೈಟಲ್ ಬಾರನ್ನು ಅಧಿಕೃತವಾಗಿಯೇ ವಾಪಸು ಕೊಟ್ಟಿತು.

ಇದನ್ನು ರುಚಿಯ ಜಗಳ ಎಂದು ಕರೆಯುವವರು ಆ ಗುಮಾಸ್ತರ ಮೇಜಿನ ಪಕ್ಕ ಕೂತು ನೋಡಿದವರಲ್ಲ. ಗುಮಾಸ್ತರು ಕೇಳಿದ್ದು ಅಂದವಾದ ನೀಲಿಯನ್ನಲ್ಲ, ಎರಡು ವಿಂಡೋಗಳ ನಡುವಿನ ವ್ಯತ್ಯಾಸವನ್ನು. ಬಣ್ಣ ಅದನ್ನು ತೋರಿಸುವ ಸಾಧನವಾಗಿತ್ತು.

ಒಗ್ಗಿಕೊಳ್ಳುತ್ತಾರೆ ಎಂಬ ವಾದಕ್ಕೆ ಅತ್ಯಂತ ಕಠಿಣ ಉತ್ತರ ಸಿಕ್ಕಿದ್ದು ಡೆಸ್ಕ್‌ಟಾಪಿನಿಂದ ಅಲ್ಲ, ಫೋನಿನಿಂದ. 2013ರ ಸೆಪ್ಟೆಂಬರಿನಲ್ಲಿ ಆಪಲ್ ಐಒಎಸ್ 7 ತಂದಾಗ ಐಕಾನ್ ಒತ್ತಿದರೆ ಪರದೆಯೇ ಮುಂದಕ್ಕೆ ನುಗ್ಗಿ ಬರುವಂಥ ಚಲನೆಯನ್ನು ಅಳವಡಿಸಿತ್ತು. ಕೆಲವರಿಗೆ ತಲೆ ಸುತ್ತಿತು, ವಾಕರಿಕೆ ಬಂತು. ಒಳಕಿವಿಯ ಸಮತೋಲನದ ತೊಂದರೆ ಇರುವವರಿಗೆ ಫೋನ್ ಹಿಡಿಯುವುದೇ ಕಷ್ಟವಾಯಿತು. ಇವರು ನಾಲ್ಕು ದಿನದಲ್ಲಿ ಒಗ್ಗಿಕೊಳ್ಳುವ ಜನ ಅಲ್ಲ, ನಾಲ್ಕು ವರ್ಷ ಕಳೆದರೂ ಆ ಒಳಕಿವಿ ಬದಲಾಗುವುದಿಲ್ಲ. ಅಕ್ಟೋಬರಿನಲ್ಲೇ ಬಂದ 7.0.3 ಆವೃತ್ತಿಯಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಆ ನುಗ್ಗಾಟವನ್ನೂ ನಿಲ್ಲಿಸುವಂತೆ ತಿದ್ದಲಾಯಿತು. ಹನ್ನೆರಡು ವರ್ಷದ ನಂತರ, 2025ರಲ್ಲಿ, ಅದೇ ಕಂಪನಿ ಲಿಕ್ವಿಡ್ ಗ್ಲಾಸ್ ಎಂಬ ಗಾಜಿನಂಥ ಹೊದಿಕೆಯನ್ನು ತನ್ನ ಎಲ್ಲ ಪರದೆಗಳ ಮೇಲೂ ಹಾಸಿತು. ಹಿಂದಿನ ಚಿತ್ರ ಮುಂದಿನ ಅಕ್ಷರದೊಳಗೆ ತೂರಿ ಬಂತು, ಓದಲಾಗುತ್ತಿಲ್ಲ ಎಂದು ಜನ ಕೂಗಿದರು. ನವೆಂಬರಿನಲ್ಲಿ 26.1 ಆವೃತ್ತಿ ಬಂದಾಗ ಗಾಜನ್ನು ಮಬ್ಬಾಗಿಸುವ ಆಯ್ಕೆ ಅದರಲ್ಲಿತ್ತು. ಎರಡು ಸಲವೂ ದೂರು ನಿಜವಾಗಿತ್ತು, ಎರಡು ಸಲವೂ ದೂರಿದವರನ್ನು ಮೊದಲು ಹಳೆಯದಕ್ಕೆ ಜೋತುಬಿದ್ದವರ ಸಾಲಿಗೆ ಸೇರಿಸಲಾಗಿತ್ತು.

ಇನ್ನು ಡಾರ್ಕ್ ಮೋಡ್ ಚರಿತ್ರೆ. ಕಪ್ಪು ಹಿನ್ನೆಲೆಯ ಥೀಮ್‌ಗಳನ್ನು ಬಳಕೆದಾರರು ವಿಂಡೋಸ್ ಎಕ್ಸ್‌ಪಿ ಕಾಲದಿಂದ, ಲಿನಕ್ಸಿನಲ್ಲಿ ಅದಕ್ಕೂ ಮೊದಲಿನಿಂದ ಕೈಯಾರೆ ಮಾಡಿಕೊಂಡು ಬಂದರು. ಆಗ ಅದು ಹ್ಯಾಕರ್ ಸಿನಿಮಾ ನೋಡಿದ ಹುಡುಗರ ಹುಚ್ಚು ಅನ್ನಿಸಿಕೊಂಡಿತು. 2016ರಲ್ಲಿ ವಿಂಡೋಸ್ 10, 2018ರಲ್ಲಿ ಮ್ಯಾಕ್‌ನ ಮೊಹಾವೆ, 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13 ಅದನ್ನೇ ಹೆಮ್ಮೆಯ ಹೊಸ ಸೌಲಭ್ಯವಾಗಿ ಹೊತ್ತು ತಂದವು. ಹುಚ್ಚು ಎಂದು ಕರೆಸಿಕೊಂಡವರ ಹೆಸರು ಯಾವ ಬಿಡುಗಡೆಯ ವೇದಿಕೆಯ ಮೇಲೂ ಕೇಳಿಬರಲಿಲ್ಲ.

ರೂಪ ತಯಾರಿಸಿದವರಿಗೆ ಬಿಟ್ಟದ್ದು ಎಂಬ ಪ್ರಚಲಿತ ನಿಲುವನ್ನು ಅತ್ಯಂತ ಸ್ಪಷ್ಟವಾಗಿ, ಪ್ರಾಮಾಣಿಕವಾಗಿಯೂ ಮಂಡಿಸಿದ್ದು ಲಿನಕ್ಸಿಗೆ ಡೆಸ್ಕ್‌ಟಾಪ್ ತಯಾರಿಸುವ ಗ್ನೋಮ್ ಬಳಗ. ಅದಕ್ಕೇ ಅದರ ಜೊತೆ ವಾದ ಮಾಡುವುದು ಸಾರ್ಥಕ. 2019ರ ಮೇ ತಿಂಗಳಲ್ಲಿ ಗ್ನೋಮ್ ಆ್ಯಪ್‌ಗಳ ಹಲವು ಡೆವಲಪರ್‌ಗಳು ಲಿನಕ್ಸನ್ನು ಆ್ಯಪ್‌ಗಳೊಂದಿಗೆ ಜೋಡಿಸಿ ಹಂಚುವ ವಿತರಣೆಗಳಿಗೆ ಒಂದು ಬಹಿರಂಗ ಪತ್ರ ಬರೆದರು. ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮ್ ತೊಡಿಸಬೇಡಿ ಎನ್ನುವುದು ಅದರ ಸಾರ. ಅವರ ಕಾರಣಗಳು ಪೊಳ್ಳಲ್ಲ. ಡೆವಲಪರ್ ಒಂದು ಬಣ್ಣದ ಗುಂಡಿಯನ್ನು ಪರೀಕ್ಷಿಸಿ ಬಿಟ್ಟಿರುತ್ತಾನೆ. ವಿತರಣೆಯ ಥೀಮ್ ಅದರ ಮೇಲೆ ಕೂತಾಗ ಗುಂಡಿಯ ಬಣ್ಣ ಬದಲಾಗಿ, ಅಕ್ಷರದ ಬಣ್ಣ ಬದಲಾಗದೆ, ಬರಹವೇ ಮಾಯವಾಗುತ್ತದೆ. ಬಳಕೆದಾರ ದೂರು ಕೊಡುವುದು ಆ್ಯಪ್ ಬರೆದವನಿಗೆ. ತಾನು ಮಾಡದ ತಪ್ಪಿಗೆ ಆತ ತನ್ನ ಬಿಡುವಿನ ಹೊತ್ತನ್ನು ಸುರಿಯಬೇಕಾಗುತ್ತದೆ. ತಮ್ಮ ಆಕ್ಷೇಪ ವಿತರಣೆಗಳ ಬಗ್ಗೆಯೇ ಹೊರತು ತನ್ನ ಯಂತ್ರವನ್ನು ತಾನು ತಿದ್ದಿಕೊಳ್ಳುವ ವ್ಯಕ್ತಿಯ ಬಗ್ಗೆ ಅಲ್ಲ ಎಂದೂ ಆ ಪತ್ರ ಹೇಳಿತ್ತು. ಇದಿಷ್ಟನ್ನೂ ಒಪ್ಪುತ್ತೇನೆ.

ಆದರೆ ಗುಂಡಿಯ ಬರಹ ಮಾಯವಾದದ್ದು ಯಾಕೆ? ಗ್ನೋಮ್ ಆ್ಯಪ್‌ಗಳನ್ನು ಕಟ್ಟುವ ಜಿಟಿಕೆ 3 ಎಂಬ ಟೂಲ್‌ಕಿಟ್ 2011ರಲ್ಲಿ ಬಂದಾಗಲೇ ಥೀಮ್ ಬರೆಯುವುದಕ್ಕೆ ವೆಬ್‌ನ ಸಿಎಸ್‌ಎಸ್ ಮಾದರಿಯನ್ನು ತೆರೆದಿಟ್ಟಿತು. ತೆರೆದಿಟ್ಟ ಮೇಲೆ ಇದರಲ್ಲಿ ಯಾವುದು ಬದಲಾಗುವುದಿಲ್ಲ, ಯಾವುದು ಬದಲಾಗಬಹುದು ಎಂದು ಮಾತು ಕೊಡಲಿಲ್ಲ. 2016ರ 3.20 ಆವೃತ್ತಿಯ ತನಕ ಹೊಸ ಆವೃತ್ತಿಗಳು ಬಂದಂತೆಲ್ಲ ಥೀಮ್‌ಗಳು ಮುರಿದುಬಿದ್ದವು. ನ್ಯೂಮಿಕ್ಸ್, ಆರ್ಕ್‌ನಂಥ ಥೀಮ್‌ಗಳನ್ನು ಹೊಲಿದು ಹಂಚಿದವರೂ ಆ್ಯಪ್ ಬರೆಯುವವರ ಹಾಗೆಯೇ ಬಿಡುವಿನಲ್ಲಿ ದುಡಿದವರು. ಅವರು ಮತ್ತೆ ಮತ್ತೆ ಮೊದಲಿನಿಂದ ಹೊಲಿಯಬೇಕಾಯಿತು. ಥೀಮ್‌ಗೆಂದು ಅಧಿಕೃತ ದಾರಿಯೇ ಇಲ್ಲ ಎಂದು ಕೊನೆಗೆ ಹೇಳಲಾಯಿತು. ದಾರಿ ಮಾಡಿಕೊಡದವರು, ದಾರಿಯಿಲ್ಲದ ಕಡೆ ನಡೆದಿರಿ ಎಂದು ನಡೆದವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಮುಂದೆ ಆದದ್ದು ಇನ್ನೂ ದುಃಖದ ಸಂಗತಿ. 2022ರ ಮಾರ್ಚಿನಲ್ಲಿ ಬಂದ ಗ್ನೋಮ್ 42ರ ಜೊತೆ ಲಿಬ್‌ಅದ್ವೈತ ಎಂಬ ಲೈಬ್ರರಿ ಆ್ಯಪ್‌ಗಳ ಒಳಗೆ ಸೇರತೊಡಗಿತು. ಅದನ್ನು ಬಳಸುವ ಆ್ಯಪ್ ಬಳಕೆದಾರ ಆರಿಸಿಕೊಂಡ ಥೀಮನ್ನು ಓದುವುದೇ ಇಲ್ಲ, ತನ್ನ ಉಡುಪನ್ನೇ ತೊಟ್ಟು ಬರುತ್ತದೆ. ಕಡತವೊಂದನ್ನು ಗುಪ್ತ ಫೋಲ್ಡರಿನಲ್ಲಿಟ್ಟು ಅದನ್ನು ತಿದ್ದಬಹುದು, ನಿಜ. ಅದಕ್ಕೆ ಯಾರ ಭರವಸೆಯೂ ಇಲ್ಲ. ವ್ಯಕ್ತಿಯ ಮೇಲೆ ಆಕ್ಷೇಪವಿಲ್ಲ ಎಂದು 2019ರಲ್ಲಿ ಹೇಳಿದ ಮಾತು ಮೂರು ವರ್ಷದೊಳಗೆ ವ್ಯಕ್ತಿಯ ಕೈಯಿಂದಲೇ ಸಾಧನವನ್ನು ಕಿತ್ತುಕೊಳ್ಳುವಲ್ಲಿಗೆ ಮುಟ್ಟಿತು.

ಲಿನಕ್ಸ್ ವಿತರಣೆಗಳಲ್ಲಿ ಒಂದಾದ ಉಬುಂಟು ಏನು ಮಾಡಿತು ನೋಡಿ. ಅದರ ‘ಯಾರು’ ಎಂಬ ಹೆಸರಿನ ಥೀಮ್ ಸಮುದಾಯದ ಸ್ವಯಂಸೇವಕರು ಸೇರಿ ಕಟ್ಟಿದ್ದು. 2018ರ ಅಕ್ಟೋಬರಿನ 18.10 ಆವೃತ್ತಿಯಲ್ಲಿ ಅದು ಡಿಫಾಲ್ಟ್ ಆಯಿತು. ಬಹಿರಂಗ ಪತ್ರ ಬೇಡವೆಂದದ್ದು ಇಂಥ ಥೀಮನ್ನೇ. 2022ರ ಏಪ್ರಿಲ್‌ನ 22.04ರಲ್ಲಿ ‘ಯಾರು’ ಥೀಮಿನ ಮೂಲಕವೇ ಬಳಕೆದಾರರು ತಮಗೆ ಬೇಕಾದ ಎದ್ದುಕಾಣುವ ಬಣ್ಣವನ್ನು, ಅಂದರೆ ಆಕ್ಸೆಂಟ್ ಕಲರನ್ನು ಆರಿಸಿಕೊಳ್ಳಬಹುದಾಯಿತು. ಅದೇ ಸೌಲಭ್ಯ ಗ್ನೋಮ್‌ನ ಮೂಲಕ್ಕೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ, 47ನೇ ಆವೃತ್ತಿಯಲ್ಲಿ. ಬಂದಾಗ ಚೆನ್ನಾಗಿಯೇ ಬಂತು: ಡೆಸ್ಕ್‌ಟಾಪ್ ಒಂದು ಬಣ್ಣವನ್ನು ಘೋಷಿಸುತ್ತದೆ, ಆ್ಯಪ್ ಅದನ್ನು ಕೇಳಿ ಪಡೆಯುತ್ತದೆ, ಯಾವುದೂ ಮುರಿಯುವುದಿಲ್ಲ. ದಾರಿಯೇ ಇಲ್ಲ ಎಂದದ್ದನ್ನು ಮಾಡಬಹುದಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ರುಜುವಾತು ಬೇಕೆ? ಬೇಕಿದ್ದದ್ದು ಕೇಳಿಸಿಕೊಳ್ಳುವ ಮನಸ್ಸು ಮತ್ತು ಒಂದು ಸ್ಥಿರವಾದ ಒಪ್ಪಂದ.

ಸುರಕ್ಷತೆಯ ಮಾತೆತ್ತುವವರಿದ್ದಾರೆ. 2024ರ ಮಾರ್ಚಿನಲ್ಲಿ ಲಿನಕ್ಸಿನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾಗೆಂದು ಹೊರಗಿನವರು ಮಾಡಿ ಹಂಚಿದ ಒಂದು ಗ್ಲೋಬಲ್ ಥೀಮನ್ನು ಹಾಕಿಕೊಂಡ ಬಳಕೆದಾರರೊಬ್ಬರ ಕಡತಗಳೆಲ್ಲ ಅಳಿಸಿಹೋದವು. ಭಯಂಕರ ಸಂಗತಿ, ನಿಜ. ಆದರೆ ಅಳಿಸಿದ್ದು ಬಣ್ಣವಲ್ಲ, ಥೀಮಿನ ಜೊತೆ ಓಡಲು ಬಿಟ್ಟ ಸ್ಕ್ರಿಪ್ಟ್. ಬಣ್ಣ, ಅಂತರ, ಅಕ್ಷರದ ಅಳತೆ ಇಷ್ಟನ್ನೇ ಹೊತ್ತ ಥೀಮಿಗೆ ಯಾರ ಕಡತವನ್ನೂ ಮುಟ್ಟುವ ಕೈಯಿಲ್ಲ. ಇನ್ನೊಂದು ಬದಿಯ ಅಪಾಯವನ್ನು ಮಾತ್ರ ಇವರು ಹೇಳುವುದೇ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿ ತನ್ನ ಕಂಪನಿಯ ಸಹಿ ಇಲ್ಲದ ಥೀಮನ್ನು ತೊಡಲು ಒಪ್ಪುತ್ತಿರಲಿಲ್ಲ. ಬೇರೆ ರೂಪ ಬೇಕಾದವರು ಎಲ್ಲಿಂದಲೋ ತಂದ ಪ್ಯಾಚ್‌ನಿಂದ ಯುಎಕ್ಸ್‌ಥೀಮ್ ಎಂಬ ಸಿಸ್ಟಮ್ ಕಡತವನ್ನೇ ಬದಲಿಸಿಕೊಂಡರು. ಕೇವಲ ಬಣ್ಣಕ್ಕಾಗಿ ಅಪರಿಚಿತರ ಕೈಗೆ ಯಂತ್ರದ ಒಳಕೋಣೆಯನ್ನು ಒಪ್ಪಿಸುವ ಸ್ಥಿತಿಗೆ ಅವರನ್ನು ತಂದದ್ದು ಆ ಬೀಗ.

ಆಮೇಲೆ ಅಂಕಿ-ಅಂಶದ ವಾದ. ಈ ಸೆಟ್ಟಿಂಗನ್ನು ಬಹಳ ಕಡಿಮೆ ಜನ ತೆರೆಯುತ್ತಾರೆ, ಆದ್ದರಿಂದ ತೆಗೆದುಬಿಡೋಣ ಎನ್ನುತ್ತಾರೆ. ಆದರೆ ಕಣ್ಣಿನ ತೊಂದರೆ ಇರುವವರು ಹೊಸ ಯಂತ್ರ ತಂದ ದಿನ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ, ಬಣ್ಣ ಗಾಢ ಮಾಡಿಕೊಳ್ಳುತ್ತಾರೆ, ಮತ್ತೆ ಆ ಪುಟಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಲೆಕ್ಕದಲ್ಲಿ ಅದು ವರ್ಷಕ್ಕೊಂದು ಕ್ಲಿಕ್. ಆ ಒಂದು ಕ್ಲಿಕ್ಕಿನ ಮೇಲೆ ಅವರ ಇಡೀ ವರ್ಷದ ದುಡಿಮೆ ನಿಂತಿರುತ್ತದೆ. ಕ್ಲಿಕ್ ಎಣಿಸುವ ಯಂತ್ರ ತಲೆನೋವನ್ನು ಎಣಿಸುವುದಿಲ್ಲ. ಮೌನವಾಗಿರುವವರೆಲ್ಲ ತೃಪ್ತರು ಎಂಬ ಊಹೆಯೂ ಇಂಥದೇ. ಎಷ್ಟೋ ಜನಕ್ಕೆ ದೂರು ಕೊಡಬಹುದು ಎಂದೇ ಗೊತ್ತಿಲ್ಲ, ಗೊತ್ತಿದ್ದವರಿಗೆ ಎಲ್ಲಿ ಎಂದು ಗೊತ್ತಿಲ್ಲ, ಅದೂ ಗೊತ್ತಿದ್ದವರಿಗೆ ಇಂಗ್ಲಿಷಿನಲ್ಲಿ ಬರೆಯುವ ಅಂಜಿಕೆ.

ಇಲ್ಲಿ ಕನ್ನಡದ ಮಾತನ್ನು ಹೇಳಲೇಬೇಕು, ಯಾಕೆಂದರೆ ಥೀಮ್ ಬರೀ ಅಲಂಕಾರ ಎಂಬ ವಾದ ಕನ್ನಡ ಅಕ್ಷರದ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಇಂಗ್ಲಿಷಿನ ಸಾಲಿನಲ್ಲಿ ಗೆರೆಯ ಕೆಳಗಿಳಿಯುವುದು ನಾಲ್ಕೈದು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಒತ್ತಕ್ಷರಗಳು ಬಹುತೇಕ ಕೆಳಗೇ ಇರುವುದು, ಕೆಲವು ಕಡೆ ಒತ್ತಿಗೆ ಒತ್ತು. ‘ಸ್ವಾತಂತ್ರ್ಯ’, ‘ಲಕ್ಷ್ಮಿ’, ‘ರಾಷ್ಟ್ರ’ ಎಂಬ ಹೆಸರಿನ ಮೂರು ಫೋಲ್ಡರುಗಳನ್ನು ಪಟ್ಟಿಯಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿ. ಸಾಲಿನ ಎತ್ತರವನ್ನು ಇಂತಿಷ್ಟೇ ಪಿಕ್ಸೆಲ್ ಎಂದು ಬಿಗಿದ ಥೀಮಿನಲ್ಲಿ ಕೆಳಗಿನ ಸಾಲಿನ ಹಿನ್ನೆಲೆ ಮೇಲಿನ ಸಾಲಿನ ಒತ್ತನ್ನು ಕತ್ತರಿಸುತ್ತದೆ. ಒತ್ತು ಕಾಣದಿದ್ದರೆ ‘ಕತ್ತೆ’ಯೂ ‘ಕತೆ’ಯೂ ಒಂದೇ, ‘ಹಳ್ಳಿ’ಯೂ ‘ಹಳಿ’ಯೂ ಒಂದೇ. ವಿನ್ಯಾಸಕಾರ ಇಂಗ್ಲಿಷ್ ಪದ ಬರೆದು ನೋಡಿದ್ದಾನೆ, ಅವನಿಗೆ ಎಲ್ಲವೂ ಸರಿಯಾಗಿಯೇ ಕಂಡಿದೆ. ಆ ತಪ್ಪು ಕಾಣಿಸುವುದು ಕನ್ನಡ ಓದುವವರಿಗೆ ಮಾತ್ರ.

ಬಣ್ಣದ ಕಥೆಯೂ ಹೀಗೆಯೇ. ನಮ್ಮ ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ ಬೇರೆಯಾಗುವುದು ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಸೀಳಿನಿಂದ. ಪ ಮತ್ತು ಷ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೀಟಿನಿಂದ. ತೆಳು ಬೂದು ಬಣ್ಣದ ಸಣ್ಣ ಅಕ್ಷರವನ್ನು ಬಿಳಿ ಹಿನ್ನೆಲೆಯ ಮೇಲಿಡುವುದು ಹತ್ತು-ಹದಿನೈದು ವರ್ಷದಿಂದ ವಿನ್ಯಾಸಲೋಕದ ಫ್ಯಾಷನ್. ಅಂಥ ಬರಹದಲ್ಲಿ ಮೊದಲು ಅಳಿಸಿಹೋಗುವುದು ಈ ಸೀಳು, ಈ ಗೀಟು. ‘ಧನ’ ಹೋಗಿ ‘ದನ’ ಆಗುತ್ತದೆ. ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು ಎಂದು ವೆಬ್‌ನ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನನ್ನ ಕಣ್ಣಿಗೆ ಕನ್ನಡದ ಸಣ್ಣ ಬರಹಕ್ಕೆ ಅದೂ ಸಾಲದು. ಐವತ್ತು ದಾಟಿದ ಯಾವ ಕನ್ನಡ ಪ್ರೂಫ್ ರೀಡರನ್ನಾದರೂ ಕೇಳಿ, ಪರದೆಯ ಬಣ್ಣ ತಿದ್ದಿಕೊಳ್ಳುವುದು ಶೋಕಿಯೋ ಜೀವನೋಪಾಯವೋ ಎಂದು.

ವಿಂಡೋಸ್ 95ರಿಂದ ಮೊದಲ್ಗೊಂಡು ವಿಂಡೋಸ್ 7ರ ತನಕ ಮೆನುವಿನ ಅಕ್ಷರ, ಟೈಟಲ್ ಬಾರಿನ ಅಕ್ಷರ ಎಂದು ಒಂದೊಂದನ್ನೂ ಬಿಡಿಯಾಗಿ ಹಿಗ್ಗಿಸುವ, ಬಣ್ಣ ಕೊಡುವ ಪುಟವೊಂದಿತ್ತು. ಕನ್ನಡದ ಕಡತದ ಹೆಸರುಗಳು ಚಿಕ್ಕದಾಗಿ ಕಂಡರೆ ಅದನ್ನು ಮಾತ್ರ ದೊಡ್ಡದು ಮಾಡಿ, ಉಳಿದ ಪರದೆಯ ಜಾಗವನ್ನು ಹಾಗೆಯೇ ಉಳಿಸಿಕೊಳ್ಳಬಹುದಿತ್ತು. ಬಣ್ಣಗಳ ಆಯ್ಕೆ ವಿಂಡೋಸ್ 8ರಲ್ಲಿ ಹೋಯಿತು, ಬಿಡಿಯಾಗಿ ಅಕ್ಷರ ಹಿಗ್ಗಿಸುವ ಸೌಲಭ್ಯ 2017ರಲ್ಲಿ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್ಡೇಟಿನಲ್ಲಿ ಹೋಯಿತು. ಮರುವರ್ಷ ಎಲ್ಲ ಬರಹವನ್ನೂ ಒಟ್ಟಿಗೆ ಹಿಗ್ಗಿಸುವ ಒಂದು ಸ್ಲೈಡರ್ ಬಂತು. ಬಿಡಿಬಿಡಿಯಾಗಿ ಇದ್ದ ಅಧಿಕಾರ ಮಾತ್ರ ಹಿಂದಿರುಗಲಿಲ್ಲ. ಸರಳಗೊಳಿಸಿದೆವು ಎಂದರು. ಯಾರಿಗೆ ಸರಳವಾಯಿತು?

ದೂರು ಕೊಟ್ಟರೆ ಏನಾಗುತ್ತದೆ ಎನ್ನುವುದೂ ಕನ್ನಡಿಗರಿಗೆ ಗೊತ್ತು. ಒತ್ತು ಕತ್ತರಿಸಿದೆ ಎಂದರೆ ಥೀಮಿನವರು ಅದು ಫಾಂಟಿನ ತಪ್ಪು ಎನ್ನುತ್ತಾರೆ, ಫಾಂಟಿನವರು ಥೀಮಿನತ್ತ ಕೈ ತೋರಿಸುತ್ತಾರೆ, ಇಬ್ಬರೂ ಸೇರಿ ಟೂಲ್‌ಕಿಟ್‌ನತ್ತ ತೋರಿಸುತ್ತಾರೆ. ಒಂದು ಥೀಮಿನಲ್ಲಿ ಇಂಗ್ಲಿಷ್ ಫಾಂಟಿನ ಹೆಸರನ್ನಷ್ಟೇ ಬರೆದಿರುತ್ತದೆ, ಕನ್ನಡ ಅಕ್ಷರ ಅದರಲ್ಲಿ ಇಲ್ಲದ್ದರಿಂದ ಯಂತ್ರ ಲೋಹಿತ್, ನೋಟೋದಂಥ ಬೇರೆ ಫಾಂಟಿನಿಂದ ಎರವಲು ತರುತ್ತದೆ, ದಪ್ಪ ತಾಳೆಯಾಗುವುದಿಲ್ಲ, ಎತ್ತರ ತಾಳೆಯಾಗುವುದಿಲ್ಲ. ಇದು ಮೂವರ ನಡುವಿನ ತಪ್ಪು. ಮೂವರಲ್ಲಿ ಒಬ್ಬರೂ ಇದನ್ನು ಒಟ್ಟಾಗಿ ನೋಡಿರುವುದಿಲ್ಲ. ಒಟ್ಟಾಗಿ ನೋಡುವುದು ಬಳಕೆದಾರ ಒಬ್ಬನೇ. ಅವನ ಮಾತನ್ನು ರುಚಿ ಎಂದು ಬದಿಗಿಟ್ಟರೆ ಆ ತಪ್ಪನ್ನು ಕಾಣುವ ಕಣ್ಣು ಬೇರೆ ಎಲ್ಲೂ ಇಲ್ಲ.

ಒಂದು ಮಾತನ್ನು ಎದುರಾಳಿಗಳ ಪರವಾಗಿಯೂ ಹೇಳಬೇಕು. ಥೀಮ್ ಬಗ್ಗೆ ಬರುವ ಪ್ರತಿಕ್ರಿಯೆಯಲ್ಲಿ ಬೈಗುಳ ಬಹಳ. ದರಿದ್ರವಾಗಿದೆ, ಹಳೆಯದನ್ನು ವಾಪಸು ಕೊಡಿ ಎಂದು ಬರೆದು ಹೋಗುವವರಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಪುಕ್ಕಟೆ ದುಡಿಯುವವರ ಮನಸ್ಸು ಮಾತ್ರ ಮುರಿಯುತ್ತದೆ. ಅಂಥ ಮಾತನ್ನು ನಾನು ಸಮರ್ಥಿಸುವುದಿಲ್ಲ. ಆದರೆ ದರಿದ್ರವಾಗಿದೆ ಎಂದವನನ್ನು ಏನು ಕಾಣುತ್ತಿಲ್ಲ, ಎಲ್ಲಿ ಎಡವಿದಿರಿ, ಯಾವ ಕೆಲಸ ನಿಂತಿತು ಎಂದು ಒಂದು ಸಲ ಕೇಳಿ ನೋಡಲಿ. ಹೆಚ್ಚಿನವರು ಸರಿಯಾದ ಉತ್ತರ ಕೊಡುತ್ತಾರೆ: ಸ್ಕ್ರೋಲ್ ಬಾರ್ ಕೂದಲಿನಷ್ಟು ತೆಳ್ಳಗಾಗಿದೆ, ನಡುಗುವ ಕೈಗೆ ಸಿಗುವುದಿಲ್ಲ; ಆರಿಸಿದ ಸಾಲಿಗೂ ಆರಿಸದ ಸಾಲಿಗೂ ಬಣ್ಣದ ಅಂತರ ಗೊತ್ತಾಗುವುದಿಲ್ಲ; ಕೆಂಪು-ಹಸಿರು ನನಗೆ ಒಂದೇ. ಕೇಳುವ ಕೆಲಸ ತಯಾರಕರದು. ಬಳಕೆದಾರ ವಿನ್ಯಾಸದ ಪರಿಭಾಷೆ ಕಲಿತು ಬಂದ ಮೇಲೆ ಮಾತ್ರ ಮಾತಾಡಲಿ ಎಂದು ನಿರೀಕ್ಷಿಸುವುದು ರೋಗಿಯೇ ಕಾಯಿಲೆಯ ಹೆಸರು ಹೇಳಲಿ ಎಂದು ವೈದ್ಯ ಕಾದು ಕೂತಂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಗ್ನೋಮ್ 47ರಲ್ಲಿ ಬಣ್ಣಕ್ಕೆ ಸಿಕ್ಕಿರುವಂಥ ಒಪ್ಪಂದ ಸಾಲಿನ ಎತ್ತರಕ್ಕೆ, ಅಂಚಿನ ಅಂತರಕ್ಕೆ, ಮೆನುವಿನ ಅಕ್ಷರಕ್ಕೆ, ಸ್ಕ್ರೋಲ್ ಬಾರಿನ ದಪ್ಪಕ್ಕೆ, ಚಲನೆಗೆ ಸಿಗಲಿ. ಇಷ್ಟನ್ನು ಬಳಕೆದಾರ ಬದಲಿಸಬಹುದು, ಬದಲಿಸಿದರೆ ಮುಂದಿನ ಅಪ್ಡೇಟಿನಲ್ಲಿ ಮುರಿಯುವುದಿಲ್ಲ ಎಂದು ಗ್ನೋಮ್, ಮೈಕ್ರೋಸಾಫ್ಟ್, ಆಪಲ್ ಮೂರೂ ಬರೆದುಕೊಡಲಿ. ಉಳಿದದ್ದನ್ನು ಆ್ಯಪ್ ಬರೆದವರು ತಮ್ಮದಾಗಿ ಇಟ್ಟುಕೊಳ್ಳಲಿ, ಯಾರ ತಕರಾರೂ ಇರುವುದಿಲ್ಲ. ಥೀಮ್ ಪರೀಕ್ಷಿಸುವ ಪಟ್ಟಿಯಲ್ಲಿ ಇಂಗ್ಲಿಷ್ ಪದಗಳ ಜೊತೆ ಒತ್ತಿಗೆ ಒತ್ತು ಬರುವ ಒಂದು ಕನ್ನಡ ಪದ ಇರಲಿ.

ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರಿಗೂ ಒಂದು ಕೋರಿಕೆ. ಕತ್ತರಿಸಿದ ಒತ್ತು ಕಂಡಾಗ ಫೋಲ್ಡರಿನ ಹೆಸರನ್ನು ಇಂಗ್ಲಿಷಿಗೆ ಬದಲಿಸಿ ಸುಮ್ಮನಾಗಬೇಡಿ. ಪರದೆಯ ಚಿತ್ರ ತೆಗೆಯಿರಿ, ಫಾಂಟಿನ ಹೆಸರು, ಅಕ್ಷರದ ಅಳತೆ, ಥೀಮಿನ ಹೆಸರು ಬರೆಯಿರಿ, ಹೇಗಿರಬೇಕಿತ್ತು ಎಂದು ಪಕ್ಕದಲ್ಲಿ ತೋರಿಸಿ, ಕನ್ನಡದಲ್ಲೇ ಬರೆದಾದರೂ ಸರಿ, ತಯಾರಕರಿಗೆ ಕಳುಹಿಸಿ. ಇದು ನಮ್ಮ ತಪ್ಪಲ್ಲ ಎಂದು ಅವರು ದೂರನ್ನು ಮುಚ್ಚಿದರೆ ಯಾರ ತಪ್ಪು ಎಂದು ಕೇಳಿ, ಅವರಿಗೂ ಅದೇ ಚಿತ್ರವನ್ನು ಕಳುಹಿಸಿ.